ಗುಂಯ್ ಅನ್ನುವುದು ಯಾರು?

ಮಕ್ಕಳೇ, ಈ ವಾರ ನಿಮಗೊಂದು ಪತ್ತೇದಾರಿ ಕೆಲಸ ಕೊಡುತ್ತೇನೆ. ನಾವು ಹುಡುಕಬೇಕಾದ ಕಳ್ಳ ಕಣ್ಣಿಗೆ ಕಾಣುವುದಿಲ್ಲ, ಕೈಗೂ ಸಿಗುವುದಿಲ್ಲ. ಕಿವಿಗೆ ಮಾತ್ರ ಕೇಳಿಸುತ್ತಾನೆ. ಹಾಡು ಮುಗಿದು ಮನೆ ಸದ್ದಿಲ್ಲದೆ ಇರುವಾಗ ಸ್ಪೀಕರಿನಿಂದ ‘ಗುಂಯ್...’ ಎಂದು ಒಂದೇ ಸಮನೆ ಬರುತ್ತದಲ್ಲ, ಅವನೇ. ಟೀವಿಗೆ ಜೋಡಿಸಿದ ಹೋಮ್ ಥಿಯೇಟರ್ ಇರಲಿ, ಅಕ್ಕನ ಕಂಪ್ಯೂಟರ್ ಸ್ಪೀಕರ್ ಇರಲಿ, ಅಜ್ಜನ ಹಳೆಯ ಟೇಪ್ ಡೆಕ್ ಇರಲಿ, ಎಲ್ಲಿ ಬೇಕಾದರೂ ಬಂದು ಕೂರುತ್ತಾನೆ.

ಅಜ್ಜ ಅಜ್ಜಿಯರೇ, ನಿಮಗೆ ಇವನು ಹೊಸಬನಲ್ಲ. ವಾಲ್ವ್ ರೇಡಿಯೋ ಹಾಕಿ, ವಾಲ್ವುಗಳು ಬಿಸಿಯಾಗುವವರೆಗೆ ಕಾದು ಕೂತಿದ್ದಾಗ ಸ್ಟೇಷನ್ನಿಗಿಂತ ಮೊದಲು ಕೇಳಿಸುತ್ತಿದ್ದ ಸದ್ದು ಇವನದೇ. ಆದ್ದರಿಂದ ಈ ಸಲ ಮೊಮ್ಮಕ್ಕಳ ಜೊತೆ ನೀವೂ ಕೂರಬೇಕು. ಇದು ಮಕ್ಕಳು ಒಬ್ಬರೇ ಮಾಡುವ ಕೆಲಸವಲ್ಲ.

ಸೆಕೆಂಡಿಗೆ ಐವತ್ತು ಉಯ್ಯಾಲೆ

ನಮ್ಮ ಗೋಡೆಯ ಪ್ಲಗ್ಗಿಗೆ ಬರುವ ವಿದ್ಯುತ್ತು 230 ವೋಲ್ಟಿನದು. ಅದು ನಲ್ಲಿಯ ನೀರಿನಂತೆ ಒಂದೇ ಕಡೆಗೆ ಹರಿಯುವುದಿಲ್ಲ. ಉಯ್ಯಾಲೆಯಂತೆ ಅತ್ತ ಹೋಗಿ ಇತ್ತ ಬರುತ್ತದೆ, ಒಂದು ಸೆಕೆಂಡಿಗೆ 50 ಸಲ. ಇದಕ್ಕೆ 50 ಹರ್ಟ್ಸ್ ಎನ್ನುತ್ತಾರೆ. ಸೆಕೆಂಡಿಗೆ ಸುಮಾರು 20 ಸಲ ಅದುರುವ ಸದ್ದನ್ನೂ ನಮ್ಮ ಕಿವಿ ಹಿಡಿಯಬಲ್ಲದು. ಹಾಗಾಗಿ ಈ ಐವತ್ತು ಹೇಗೋ ನುಸುಳಿ ಸ್ಪೀಕರ್ ತಲುಪಿದರೆ ಸಾಕು, ‘ಗುಂಯ್’ ಎಂದು ಕೇಳಿಸುತ್ತದೆ.

ಇವನಿಗೊಬ್ಬ ತಮ್ಮನಿದ್ದಾನೆ. ಆಂಪ್ಲಿಫೈಯರ್ ಒಳಗಿನ ಭಾಗಗಳಿಗೆ ಅತ್ತಿತ್ತ ಓಡಾಡುವ ವಿದ್ಯುತ್ತು ಬೇಡ, ಒಂದೇ ಕಡೆಗೆ ಹರಿಯುವ ವಿದ್ಯುತ್ತು ಬೇಕು. ಅದಕ್ಕಾಗಿ ಉಯ್ಯಾಲೆಯ ಎರಡು ಕಡೆಯ ತೂಗನ್ನೂ ಒಂದೇ ಕಡೆಗೆ ಮಡಚುತ್ತಾರೆ. ಆಗ ಸೆಕೆಂಡಿಗೆ ಐವತ್ತರ ಬದಲು ನೂರು ಏರಿಳಿತ ಬರುತ್ತವೆ. ಈ ಏರಿಳಿತವನ್ನು ಸಮ ಮಾಡಲು ಕೆಪಾಸಿಟರ್ ಎಂಬ ಡಬ್ಬಿಗಳಿರುತ್ತವೆ. ಅವು ಮುದಿಯಾಗಿ ಒಣಗಿದರೆ 100 ಹರ್ಟ್ಸಿನ ತಮ್ಮ ಹೊರಗೆ ಬರುತ್ತಾನೆ. ಸಂಗೀತ ಕಲಿಯುವವರಿಗೆ ಸುಲಭವಾಗಿ ಹೇಳಬೇಕೆಂದರೆ ಅಣ್ಣ ಷಡ್ಜ, ತಮ್ಮ ಮೇಲಿನ ಷಡ್ಜ.

ಎದುರು ಮನೆಯ ಹನ್ನೊಂದು ಕ್ಯಾಸೆಟ್ಟು

ನಮ್ಮ ಎದುರು ಮನೆಯ ಅಜ್ಜಿ ಬಹಳ ವರ್ಷ ಸಂಗೀತ ಪಾಠ ಹೇಳಿಕೊಟ್ಟವರು. ಅವರ ಗುರುಗಳು ಪಾಠ ಮಾಡುವಾಗ ತುಂಬಿಸಿಕೊಂಡ ಹನ್ನೊಂದು ಕ್ಯಾಸೆಟ್ಟುಗಳು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿವೆ. ಗುರುಗಳು ಈಗಿಲ್ಲ. ಬೇರೆ ಕಡೆ ಅವರ ದನಿಯೂ ಇಲ್ಲ. ಟೇಪು ಇನ್ನಷ್ಟು ಹಾಳಾಗುವ ಮೊದಲು ಎಲ್ಲವನ್ನೂ ಲ್ಯಾಪ್‌ಟಾಪಿಗೆ ಇಳಿಸಬೇಕೆಂದು ಏಳನೇ ತರಗತಿಯ ಮೊಮ್ಮಗಳು ಹಟ ಹಿಡಿದಳು. ಆದರೆ ಗುರುಗಳು ಒಂದು ಸಾಲು ಹಾಡಿ ಉಸಿರು ತೆಗೆದುಕೊಳ್ಳುವಾಗಲೆಲ್ಲ ಹಿಂದಿನಿಂದ ‘ಗುಂಯ್’. ಒಮ್ಮೆ ನಕಲಿನೊಳಗೆ ಸೇರಿದರೆ ಆ ಸದ್ದು ಅಲ್ಲೇ ಉಳಿಯುತ್ತದೆ. ಆಮೇಲೆ ತೆಗೆಯಲು ಹೋದರೆ ದನಿಯ ತಗ್ಗಿನ ಸ್ವರಗಳೂ ಅದರ ಜೊತೆ ತೆಳುವಾಗುತ್ತವೆ.

ಯಾರೋ ಒಬ್ಬರು ಸುಲಭ ಉಪಾಯ ಹೇಳಿ ಹೋಗಿದ್ದರು: “ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ನು ಕಿತ್ತುಹಾಕಿ, ಸದ್ದು ತಟ್ಟನೆ ನಿಲ್ಲುತ್ತದೆ.” ಅಜ್ಜಿ ಪ್ಲಗ್ಗು ಬಿಚ್ಚಿಸುವ ಮೊದಲು ನನ್ನನ್ನು ಕರೆಸಿದರು. ಒಳ್ಳೆಯದಾಯಿತು. “ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ?” ಎಂದೆ. ಯಾಕೆ ಹಾಗೆಂದೆ ಎನ್ನುವುದನ್ನು ಮುಂದೆ ಹೇಳುತ್ತೇನೆ. ಮೊದಲು ಕಳ್ಳನನ್ನು ಹಿಡಿಯೋಣ.

ಮೊಮ್ಮಗಳ ಕೈಗೆ ನೋಟ್‌ಬುಕ್ಕು ಕೊಟ್ಟು ನಾಲ್ಕು ನಿಯಮ ಬರೆಸಿದೆ. ನೀವೂ ಬರೆದುಕೊಳ್ಳಿ.

ಒಂದು: ಯಾವ ತಂತಿ ಮುಟ್ಟುವ ಮೊದಲೂ ವಾಲ್ಯೂಮ್ ಸೊನ್ನೆಗೆ ಇಳಿಸಿ ಸ್ವಿಚ್ ಆರಿಸಬೇಕು. ಹಾಗೇ ಎಳೆದರೆ ‘ಢಬ್’ ಎಂದು ಸ್ಪೀಕರ್ ಹಾಳಾಗಬಹುದು.

ಎರಡು: ಪೆಟ್ಟಿಗೆಯ ಮುಚ್ಚಳ ತೆಗೆಯಕೂಡದು. ಪ್ಲಗ್ಗು ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ತು ತುಂಬಿರುತ್ತದೆ. ಹಳೆಯ ವಾಲ್ವ್ ರೇಡಿಯೋಗಳಲ್ಲಂತೂ ಅದು ಪ್ರಾಣಕ್ಕೇ ಅಪಾಯ.

ಮೂರು: ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ.

ನಾಲ್ಕು: ಏನು ಮಾಡಿದೆವು, ಏನು ಕೇಳಿಸಿತು, ಎರಡನ್ನೂ ಬರೆಯಬೇಕು.

ಹುಡುಕಾಟ

ಮೊದಲು ಟೇಪು ನಿಲ್ಲಿಸಿದೆವು. ಗುಂಯ್ ನಿಲ್ಲಲಿಲ್ಲ. ಅಂದರೆ ಸದ್ದು ಕ್ಯಾಸೆಟ್ಟಿನಲ್ಲಿ ತುಂಬಿಕೊಂಡದ್ದಲ್ಲ. ಇಷ್ಟಕ್ಕೇ ಅಜ್ಜಿಯ ಅರ್ಧ ಚಿಂತೆ ಕಳೆಯಿತು.

ಎರಡನೆಯದು, ಸದ್ದು ಬರುತ್ತಿರುವುದು ಸ್ಪೀಕರಿನಿಂದಲೋ ಆಂಪ್ಲಿಫೈಯರ್ ಪೆಟ್ಟಿಗೆಯಿಂದಲೋ? ಪೆಟ್ಟಿಗೆಯೇ ಗುಂಯ್‌ಗುಟ್ಟಿದರೆ ಅದು ಒಳಗಿನ ಟ್ರಾನ್ಸ್‌ಫಾರ್ಮರಿನ ನಡುಕ. ಕಾಂತವಾದಾಗ ಕಬ್ಬಿಣ ಕೂದಲೆಳೆಗಿಂತಲೂ ಎಷ್ಟೋ ಕಡಿಮೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತದೆ. ಇದನ್ನು ಜೇಮ್ಸ್ ಜೂಲ್ 1842ರಲ್ಲೇ ಕಂಡುಕೊಂಡಿದ್ದರು. ನಿಮ್ಮ ಬೀದಿಯ ಕೊನೆಯಲ್ಲಿ ಬೇಲಿಯೊಳಗೆ ನಿಂತ ದೊಡ್ಡ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವುದೂ ಹೀಗೇ. ಇಲ್ಲಿ ಪೆಟ್ಟಿಗೆ ಸುಮ್ಮನಿತ್ತು, ಸದ್ದು ಸ್ಪೀಕರಿನದೇ.

ಮೂರನೆಯದು ವಾಲ್ಯೂಮ್ ಗುಂಡಿಯ ಪರೀಕ್ಷೆ. ಇದನ್ನು ಮರೆಯಬೇಡಿ, ಅರ್ಧ ಪತ್ತೇದಾರಿಕೆ ಇದರಲ್ಲೇ ಮುಗಿಯುತ್ತದೆ. ಗುಂಡಿ ಸೊನ್ನೆಗೆ ತಂದರೂ ಗುಂಯ್ ಅಷ್ಟೇ ಇದ್ದರೆ ತೊಂದರೆ ಆಂಪ್ಲಿಫೈಯರಿನ ಒಳಗಿದೆ. ಬಹುಪಾಲು ಒಣಗಿದ ಕೆಪಾಸಿಟರ್. ಅದು ಮೆಕ್ಯಾನಿಕ್ಕಿನ ಕೆಲಸ, ನಾವು ಅಲ್ಲಿಗೇ ಕೈ ಮುಗಿಯಬೇಕು. ಗುಂಡಿ ಏರಿಸಿದಂತೆ ಗುಂಯ್ ಕೂಡ ಏರಿದರೆ ಕಳ್ಳ ಹೊರಗಿನ ತಂತಿಗಳಿಂದ ಬರುತ್ತಿದ್ದಾನೆ. ಇಲ್ಲಿ ಏರಿತು. ಮೊಮ್ಮಗಳು ದೊಡ್ಡ ಅಕ್ಷರದಲ್ಲಿ ‘ಹೊರಗಿನವನು’ ಎಂದು ಬರೆದಳು.

ಆಂಪ್ಲಿಫೈಯರಿನ ಹಿಂದೆ ಎರಡು ಕಡೆಯಿಂದ ತಂತಿ ಬರುತ್ತಿತ್ತು. ಒಂದು ಕ್ಯಾಸೆಟ್ ಡೆಕ್ಕಿನದು, ಇನ್ನೊಂದು ಟೀವಿಯದು. ಮುಂದಿನ ಗುಂಡಿಯನ್ನು ಟೀವಿಯಿಂದ ಟೇಪಿಗೆ ತಿರುಗಿಸಿದರೆ ಸಾಕಲ್ಲವೇ ಎಂದು ಅವಳು ಕೇಳಿದಳು. ಸಾಲದು. ಗುಂಡಿ ಬದಲಾಯಿಸುವುದು ಒಳಗಿನ ಎಳೆಯನ್ನು ಮಾತ್ರ. ತಂತಿಗಳ ಹೊರಗವಚದ ಜಾಲರಿಗಳೆಲ್ಲ ಆಂಪ್ಲಿಫೈಯರಿನಲ್ಲಿ ಯಾವಾಗಲೂ ಸೇರಿಕೊಂಡೇ ಇರುತ್ತವೆ. ಆದ್ದರಿಂದ ತಂತಿಯನ್ನೇ ಬಿಡಿಸಬೇಕು.

ಎರಡನ್ನೂ ಬಿಡಿಸಿ ಸ್ವಿಚ್ ಹಾಕಿದೆವು. ನಿಶ್ಶಬ್ದ. ಆರಿಸಿ, ಡೆಕ್ಕಿನದನ್ನು ಮಾತ್ರ ಸೇರಿಸಿ, ಖಾಲಿ ಕ್ಯಾಸೆಟ್ಟು ಹಾಕಿ ಪ್ಲೇ ಒತ್ತಿದೆವು. ತೆಳ್ಳಗೆ ಗುಂಯ್. ಮತ್ತೆ ಆರಿಸಿ ಟೀವಿಯದನ್ನೂ ಸೇರಿಸಿದೆವು. ದೊಡ್ಡ ಗುಂಯ್! ಅಂದರೆ ಕಳ್ಳರು ಇಬ್ಬರು. ದೊಡ್ಡವನ ಬೆನ್ನು ಹತ್ತಿದೆವು. ಟೀವಿಗೆ ಸೆಟ್ ಟಾಪ್ ಬಾಕ್ಸ್, ಸೆಟ್ ಟಾಪ್ ಬಾಕ್ಸಿಗೆ ಬೀದಿಯ ಕಂಬದಿಂದ ಬರುವ ಕೇಬಲ್. ಆ ಕೇಬಲನ್ನು ಬಾಕ್ಸಿನಿಂದ ತಿರುಚಿ ತೆಗೆದದ್ದೇ ತಡ, ದೊಡ್ಡ ಗುಂಯ್ ಮಾಯ. ಟೀವಿಯದಲ್ಲ, ಡೆಕ್ಕಿನದಲ್ಲ, ಬೀದಿಯಿಂದ ಬಂದವನು!

ಎರಡು ಕೆರೆಗೆ ಒಂದು ಕಾಲುವೆ

ಬೀದಿಯ ಟೀವಿ ಕೇಬಲ್ಲಿಗೂ ಆಂಪ್ಲಿಫೈಯರಿನ ಗುಂಯ್‌ಗೂ ಏನು ಸಂಬಂಧ? ಎರಡು ಕೆರೆಗಳನ್ನು ನೆನೆಸಿಕೊಳ್ಳಿ. ಎರಡರಲ್ಲೂ ನೀರಿನ ಮಟ್ಟ ಒಂದೇ ಇದೆ ಎಂದು ನಾವು ತಿಳಿದಿದ್ದೇವೆ. ನಿಜವಾಗಿ ಬೆರಳಷ್ಟು ವ್ಯತ್ಯಾಸವಿದೆ. ನಡುವೆ ಒಂದು ಕಾಲುವೆ ತೋಡಿದ ಕೂಡಲೇ ನೀರು ಹರಿಯತೊಡಗುತ್ತದೆ.

ಆಂಪ್ಲಿಫೈಯರ್ ತನ್ನ ದಪ್ಪ ಪಿನ್ನಿನ ಮೂಲಕ ಮನೆಯ ಭೂಮಿಯನ್ನು, ಅಂದರೆ ಅರ್ಥಿಂಗನ್ನು ಮುಟ್ಟಿರುತ್ತದೆ. ಕೇಬಲ್ಲಿನ ಹೊರಕವಚ ಬೇರೆಲ್ಲೋ ಇನ್ನೊಂದು ಕಡೆ ಭೂಮಿಯನ್ನು ಮುಟ್ಟಿರುತ್ತದೆ. ಇವೇ ನಮ್ಮ ಎರಡು ಕೆರೆಗಳು. ಮನೆಮನೆಯ ಯಂತ್ರಗಳಿಂದ ಚೂರುಚೂರು ವಿದ್ಯುತ್ತು ಸೋರಿ ಅರ್ಥಿಂಗ್ ತಂತಿಗಳಲ್ಲಿ ಹರಿಯುತ್ತಿರುವುದರಿಂದ ಈ ಎರಡು ಜಾಗಗಳ ಮಟ್ಟ ಸಮನಾಗಿರುವುದಿಲ್ಲ. ಆ ವ್ಯತ್ಯಾಸವೂ ಸೆಕೆಂಡಿಗೆ ಐವತ್ತು ಸಲ ಏರಿಳಿಯುತ್ತದೆ. ಟೀವಿಯಿಂದ ಆಂಪ್ಲಿಫೈಯರಿಗೆ ಹಾಕಿದ ತಂತಿಯ ಜಾಲರಿಯೇ ಕಾಲುವೆ. ಹಾಡು ಬರುವ ದಾರಿಯಲ್ಲೇ ಐವತ್ತೂ ಬರುತ್ತಾನೆ. ಯಾವುದು ಹಾಡು, ಯಾವುದು ಗುಂಯ್ ಎಂದು ಆಂಪ್ಲಿಫೈಯರಿಗೆ ತಿಳಿಯುವುದಿಲ್ಲ. ಎರಡನ್ನೂ ಹಿಗ್ಗಿಸಿ ಕಳಿಸುತ್ತದೆ. ಎಲೆಕ್ಟ್ರಾನಿಕ್ಸಿನವರು ಇದನ್ನು ಗ್ರೌಂಡ್ ಲೂಪ್ ಎನ್ನುತ್ತಾರೆ.

ಮೂರನೇ ಪಿನ್ನು ಯಾಕೆ ಬೇಕು?

ಈಗ ಆ ದಪ್ಪ ಪಿನ್ನಿನ ಮಾತಿಗೆ ಬರೋಣ. ಅದನ್ನು ಕಿತ್ತುಹಾಕಿದರೆ ಸದ್ದು ನಿಲ್ಲುವುದು ನಿಜ. ಒಂದು ಕೆರೆಯನ್ನೇ ಮುಚ್ಚಿದಂತಾಗುತ್ತದೆ, ಹರಿವು ನಿಲ್ಲುತ್ತದೆ. ಅದಕ್ಕೇ ಈ ಉಪಾಯಕ್ಕೆ ಎಷ್ಟೋ ಜನ ಮರುಳಾಗುತ್ತಾರೆ. ಆದರೆ ಆ ಪಿನ್ನು ಸಂಗೀತಕ್ಕಾಗಿ ಇಟ್ಟದ್ದಲ್ಲ, ಜೀವಕ್ಕಾಗಿ ಇಟ್ಟದ್ದು.

ಆಂಪ್ಲಿಫೈಯರಿನೊಳಗೆ ಒಂದು ತಂತಿ ಸಡಿಲವಾಗಿ ಲೋಹದ ಮೈಗೆ ತಾಗಿತು ಎಂದುಕೊಳ್ಳಿ. ಅರ್ಥಿಂಗ್ ಇದ್ದರೆ ವಿದ್ಯುತ್ತು ಸುಲಭದ ದಾರಿ ಹಿಡಿದು ಭೂಮಿಗೆ ಧುಮುಕುತ್ತದೆ. ಆ ರಭಸಕ್ಕೆ ಫ್ಯೂಸ್ ಸುಡುತ್ತದೆ ಅಥವಾ ಎಂಸಿಬಿ ಬೀಳುತ್ತದೆ. ಪೆಟ್ಟಿಗೆ ಸತ್ತರೂ ಮನುಷ್ಯ ಉಳಿಯುತ್ತಾನೆ. ಅರ್ಥಿಂಗ್ ಇಲ್ಲದಿದ್ದರೆ? ಫ್ಯೂಸ್ ಸುಡುವುದಿಲ್ಲ, ದೀಪ ಆರುವುದಿಲ್ಲ, ಹಾಡೂ ನಿಲ್ಲದೆ ಇರಬಹುದು. ಪೆಟ್ಟಿಗೆಯ ಮೈ ಮಾತ್ರ 230 ವೋಲ್ಟ್ ಹೊತ್ತು, ಮುಂದೆ ಬರುವ ಕೈಗಾಗಿ ಕಾಯುತ್ತಾ ಕೂರುತ್ತದೆ. ಅದು ವಾಲ್ಯೂಮ್ ಏರಿಸಲು ಬಂದ ಮಗುವಿನ ಕೈ ಇರಬಹುದು, ಧೂಳು ಒರೆಸಲು ಒದ್ದೆ ಬಟ್ಟೆ ಹಿಡಿದ ಅಜ್ಜಿಯ ಕೈ ಇರಬಹುದು. ಆಂಪ್ಲಿಫೈಯರಿಗೆ ಜೋಡಿಸಿದ ತಂತಿಗಳ ಮೂಲಕ ಆ ಅಪಾಯ ಡೆಕ್ಕಿಗೂ ಟೀವಿಗೂ ಹರಡುತ್ತದೆ.

ಆ ಪಿನ್ನನ್ನು ಗಮನಿಸಿ ನೋಡಿ. ಉಳಿದೆರಡಕ್ಕಿಂತ ದಪ್ಪ, ಹಾಗಾಗಿ ತಪ್ಪು ತೂತಿಗೆ ಹೋಗುವುದಿಲ್ಲ. ಉದ್ದವೂ ಹೆಚ್ಚು. ಪ್ಲಗ್ಗು ಚುಚ್ಚುವಾಗ ಎಲ್ಲಕ್ಕಿಂತ ಮೊದಲು ತಾಗುವುದು ಅದು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡುವುದೂ ಅದು. ಮನೆಗೆ ಮೊದಲು ಬಂದು ಕೊನೆಗೆ ಹೋಗುವ ಕಾವಲುಗಾರನಂತೆ.

ಹಳೆಯ ಮನೆಗಳ ಹಿತ್ತಿಲಲ್ಲಿ ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿ ಇರುವುದು ಅಜ್ಜಂದಿರಿಗೆ ಗೊತ್ತು. ಬೇಸಿಗೆಯಲ್ಲಿ ಅದಕ್ಕೆ ನೀರು ಹೊಯ್ಯುತ್ತಿದ್ದದ್ದೂ ನೆನಪಿರಬಹುದು. ಒಣ ಮಣ್ಣು ವಿದ್ಯುತ್ತನ್ನು ಸರಿಯಾಗಿ ಒಯ್ಯುವುದಿಲ್ಲ, ಅದಕ್ಕೇ ಆ ನೀರು. ಆ ಗುಂಡಿಯ ಮೇಲೆ ಈಗ ಕಲ್ಲುಹಾಸು ಬಿದ್ದಿದೆಯೇ ಎಂದು ಒಮ್ಮೆ ನೋಡಿ. ಫ್ರಿಜ್ಜೋ ಆಂಪ್ಲಿಫೈಯರೋ ಮುಟ್ಟಿದಾಗ ಯಾರಿಗಾದರೂ ‘ಜುಮ್’ ಎಂದಿದ್ದರೆ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ ಇದೆಯೇ ಎಂದೂ ಅವರನ್ನೇ ಕೇಳಿ. ಮನೆಗಳಿಗೆ ಸಾಮಾನ್ಯವಾಗಿ ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪಿಯರ್ ಸೋರಿದರೇ ಕರೆಂಟು ಕಡಿಯುತ್ತದೆ.

ಮದ್ದು

ಹಾಗಾದರೆ ಅಜ್ಜಿಯ ಮನೆಯ ದೊಡ್ಡ ಗುಂಯ್‌ಗೆ ಏನು ಮಾಡಿದೆವು? ಕ್ಯಾಸೆಟ್ಟು ನಕಲು ಮಾಡುವ ದಿನಗಳಲ್ಲಿ ಟೀವಿಯ ತಂತಿಯನ್ನು ಆಂಪ್ಲಿಫೈಯರಿನಿಂದ ಬಿಡಿಸಿಟ್ಟೆವು, ಅಷ್ಟೇ. ಮುಂದೆ ಟೀವಿ ನೋಡುವುದಕ್ಕೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಚಿಕ್ಕ ಡಬ್ಬಿ ತರಿಸಿ ಆ ಆಡಿಯೋ ತಂತಿಯ ನಡುವೆ ಹಾಕಿದೆವು. ನೆನಪಿಡಿ, ಅದನ್ನು ಹಾಕುವುದು ಹಾಡಿನ ತಂತಿಗೆ, ಕರೆಂಟಿನ ತಂತಿಗೆ ಅಲ್ಲ.

ಆ ಡಬ್ಬಿಯಲ್ಲಿರುವುದು ಕಬ್ಬಿಣಕ್ಕೆ ಸುತ್ತಿದ ಎರಡು ತಂತಿ ಸುರುಳಿಗಳು. ಒಂದು ಇನ್ನೊಂದನ್ನು ಮುಟ್ಟಿರುವುದಿಲ್ಲ. ಹಾಡು ಕಾಂತವಾಗಿ ಬದಲಾಗಿ ಆಚೆಗೆ ದಾಟಿ ಮತ್ತೆ ವಿದ್ಯುತ್ತಾಗುತ್ತದೆ. ಕಾಲುವೆ ಮಾತ್ರ ಕಡಿದುಹೋಗುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಒಂದು ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿ ಮಾಡಿದ ಪ್ರಯೋಗವೇ ಇದು. ಟೀವಿಯಲ್ಲೂ ಆಂಪ್ಲಿಫೈಯರಿನಲ್ಲೂ ಆಪ್ಟಿಕಲ್ ಎಂಬ ಜಾಗವಿದ್ದರೆ ಇನ್ನೂ ಸುಲಭ. ಅದರಲ್ಲಿ ಹಾಡು ಬೆಳಕಾಗಿ ಹೋಗುತ್ತದೆ. ಬೆಳಕಿನ ದಾರಿಯಲ್ಲಿ ಕರೆಂಟು ಬರಲಾರದು.

ಇನ್ನು ತೆಳ್ಳಗಿನ ಗುಂಯ್. ಡೆಕ್ಕನ್ನು ಆಂಪ್ಲಿಫೈಯರಿನ ತಲೆಯ ಮೇಲೆಯೇ ಇಟ್ಟಿದ್ದರು. ಕ್ಯಾಸೆಟ್ಟಿನ ದನಿ ಓದುವ ಹೆಡ್ ಕೂಡ ಒಂದು ಪುಟ್ಟ ಸುರುಳಿಯೇ. ಕೆಳಗಿನ ದೊಡ್ಡ ಟ್ರಾನ್ಸ್‌ಫಾರ್ಮರಿನ ಕಾಂತವನ್ನೂ ಅದು ಹಾಡೆಂದೇ ಓದುತ್ತಿತ್ತು. ಫ್ಯಾರಡೆಯ ನಿಯಮ ಒಂದು ಕಡೆ ಪೊಲೀಸು, ಇನ್ನೊಂದು ಕಡೆ ಕಳ್ಳ! ಡೆಕ್ಕನ್ನು ಎರಡು ಮೊಳ ದೂರದ ಕಪಾಟಿಗೆ ಸರಿಸಿದೆವು. ಒಂದು ರೂಪಾಯಿ ಖರ್ಚಿಲ್ಲದೆ ಸದ್ದು ಹೋಯಿತು.

ಲ್ಯಾಪ್‌ಟಾಪ್ ಜೋಡಿಸಿದಾಗ ಇನ್ನೊಂದು ಸಣ್ಣ ‘ಜುಂಯ್’ ಕೇಳಿಸಿತು. ಮೊಮ್ಮಗಳು ಯಾರನ್ನೂ ಕೇಳದೆ ಸ್ವಿಚ್ ಆರಿಸಿ ಚಾರ್ಜರ್ ತೆಗೆದಳು. ನಿಂತಿತು. ಅದೂ ಇನ್ನೊಂದು ಕಾಲುವೆಯೇ. ಬ್ಯಾಟರಿಯ ಮೇಲೆಯೇ ದಿನಕ್ಕೊಂದರಂತೆ ಹನ್ನೊಂದು ಕ್ಯಾಸೆಟ್ಟೂ ಇಳಿಸಿದಳು. ಈಗ ಗುರುಗಳು ಸಾಲು ಮುಗಿಸಿ ನಿಲ್ಲಿಸಿದಾಗ ಹಿಂದಿನ ತಂಬೂರಿ ಕೇಳಿಸುತ್ತದೆ. ಆ ತಂಬೂರಿ ಮೀಟಿದ್ದು ತಾನೇ ಎಂದು ಅಜ್ಜಿ ಹೇಳಿದರು.

ನಿಮ್ಮ ಮನೆಯಲ್ಲಿ ಬೇರೆ ಥರದ್ದಿದ್ದರೆ

ಗ್ರಾಮಫೋನ್ ತಟ್ಟೆ ಹಾಕುವ ಟರ್ನ್‌ಟೇಬಲ್ ಇದ್ದರೆ ಅದರ ಹಿಂದೆ ಒಂದು ತೆಳ್ಳಗಿನ ಒಂಟಿ ತಂತಿ ಇದೆಯೇ ನೋಡಿ. ಅದನ್ನು ಆಂಪ್ಲಿಫೈಯರಿನ ‘ಜಿಎನ್‌ಡಿ’ ಎಂದು ಬರೆದ ತಿರುಪಿಗೆ ಬಿಗಿಯಬೇಕು. ಟರ್ನ್‌ಟೇಬಲ್ಲಿನ ಮುಳ್ಳು ಕೊಡುವುದು ಕೆಲವೇ ಮಿಲಿವೋಲ್ಟ್. ಅದನ್ನು ನೂರಾರು ಪಟ್ಟು ಹಿಗ್ಗಿಸಬೇಕು, ಜೊತೆಗೆ ಗುಂಯ್ ಕೂಡ ಹಿಗ್ಗುತ್ತದೆ.

ತಂತಿಯನ್ನು ಅಲುಗಾಡಿಸಿದರೆ ಗುಂಯ್ ಬಂದು ಹೋಗಿ ಮಾಡಿದರೆ ಒಳಗಿನ ಜಾಲರಿ ಹರಿದಿದೆ. ತಂತಿ ಬದಲಾಯಿಸಿ. ಉದ್ದದ ತಂತಿಯನ್ನು ಸುತ್ತಿಡುವ ಬದಲು ಬೇಕಾದಷ್ಟೇ ಉದ್ದದ್ದು ಹಾಕಿ. ಕರೆಂಟಿನ ತಂತಿಯ ಜೊತೆ ಹಾಡಿನ ತಂತಿಯನ್ನು ಕಟ್ಟಿಡಬೇಡಿ. ಆಂಪ್ಲಿಫೈಯರ್, ಟೀವಿ, ಡೆಕ್ ಮೂರನ್ನೂ ಸರಿಯಾದ ಅರ್ಥಿಂಗ್ ಇರುವ ಒಂದೇ ಬೋರ್ಡಿಗೆ ಹಾಕಿದರೆ ಎಷ್ಟೋ ಸಲ ಕಾಲುವೆಯೇ ಕಿರಿದಾಗುತ್ತದೆ. ಇಸ್ತ್ರಿಪೆಟ್ಟಿಗೆ, ಫ್ರಿಜ್ಜು ಆ ಬೋರ್ಡಿಗೆ ಬೇಡ.

ನುಣುಪಾದ ಗುಂಯ್ ಅಲ್ಲದೆ ಜೇನುಹುಳದಂತೆ ಒರಟಾಗಿ ‘ಜಿರ್‌ರ್’ ಎನ್ನುತ್ತಿದ್ದರೆ ಮನೆಯ ದೀಪ, ಫ್ಯಾನಿನ ರೆಗ್ಯುಲೇಟರ್, ಮೊಬೈಲ್ ಚಾರ್ಜರುಗಳನ್ನು ಒಂದೊಂದಾಗಿ ಆರಿಸಿ ನೋಡಿ.

ಈ ವಾರದ ಕೆಲಸ

ಮಕ್ಕಳಿಗೆ: ಮನೆಯಲ್ಲಿ ಕೀಬೋರ್ಡ್ ಇದ್ದರೆ ನಡುವಿನ ಸಿ ಯಿಂದ ಕೆಳಗೆ ಬರುವ ಎರಡನೆಯ ಜಿ ಒತ್ತಿ. ಅದು 98 ಹರ್ಟ್ಸ್, ನಮ್ಮ ತಮ್ಮ ಗುಂಯ್‌ಗೆ ಬಹಳ ಹತ್ತಿರ. ಆ ಸ್ವರವನ್ನು ಕಿವಿಯಲ್ಲಿಟ್ಟುಕೊಂಡು ಮನೆಯಲ್ಲಿ, ಬೀದಿಯಲ್ಲಿ ಎಲ್ಲೆಲ್ಲಿ ಅದು ಸಿಗುತ್ತದೆ ಎಂದು ಪಟ್ಟಿ ಮಾಡಿ. ಬೀದಿಯ ಟ್ರಾನ್ಸ್‌ಫಾರ್ಮರನ್ನು ಬೇಲಿಯಿಂದ ಆಚೆ, ದೂರದಲ್ಲೇ ನಿಂತು ಕೇಳಿ.

ಅಜ್ಜ ಅಜ್ಜಿಯರಿಗೆ: ಮೊಮ್ಮಕ್ಕಳ ಕೈ ಹಿಡಿದು ಮನೆಯೆಲ್ಲ ಒಂದು ಸುತ್ತು ಬನ್ನಿ. ಏನನ್ನೂ ಮುಟ್ಟಬೇಡಿ, ನೋಡಿ ಎಣಿಸಿ. ಆಂಪ್ಲಿಫೈಯರ್, ಫ್ರಿಜ್ಜು, ಮಿಕ್ಸಿ, ಗ್ರೈಂಡರ್, ಇಸ್ತ್ರಿಪೆಟ್ಟಿಗೆ, ವಾಷಿಂಗ್ ಮಷಿನ್ನು. ಎಷ್ಟು ಪ್ಲಗ್ಗಿನಲ್ಲಿ ದಪ್ಪ ಪಿನ್ನು ಮುರಿದಿದೆ? ಮೂರು ಪಿನ್ನಿನ ಎಷ್ಟು ಪ್ಲಗ್ಗುಗಳು ಎರಡು ತೂತಿನ ಅಡಾಪ್ಟರಿನಲ್ಲಿ ನೇತಾಡುತ್ತಿವೆ? ಲೆಕ್ಕ ಸೊನ್ನೆ ಬಂದರೆ ಮೊಮ್ಮಕ್ಕಳಿಗೆ ಒಂದೊಂದು ಚಿಕ್ಕಿ ಕೊಡಿ. ಒಂದೇ ಒಂದು ಸಿಕ್ಕರೂ ಈ ವಾರವೇ ಎಲೆಕ್ಟ್ರಿಷಿಯನ್ನರಿಗೆ ಹೇಳಿಕಳಿಸಿ.